ಮನೆ ಸಾಲದ ಕಂಪನಿ ಷೇರು: ಮೊದಲು ಠೇವಣಿ ನೋಡಿ

ಬ್ಯಾಂಕು ಆಗಲ್ಲ ಅಂದವರಿಗೆ ಮನೆ ಸಾಲ ಕೊಡುವ ಕಂಪನಿಗಳ ಷೇರು ಕಂಡರೆ ಆಸೆಯಾಗುವುದು ಸಹಜ. ಸ್ವಂತ ಉದ್ಯೋಗ ಮಾಡುವವರು, ಈಗಷ್ಟೇ ದೇಶಕ್ಕೆ ಬಂದವರು, ಹಿಂದೊಮ್ಮೆ ಕಂತು ತಪ್ಪಿಸಿದವರು ಇವರ ಗ್ರಾಹಕರು. ಬಡ್ಡಿ ಜಾಸ್ತಿ, ಮನೆಯೇ ಅಡಮಾನ. ಷೇರು ಅಗ್ಗ, ಮೇಲಿಂದ ಡಿವಿಡೆಂಡ್ (ಲಾಭದ ಪಾಲು) ಬೇರೆ. ಸಾಲಗಾರರು ಕಟ್ಟದೆ ಹೋದರೆ ಏನು ಗತಿ ಅಂತ ಎಲ್ಲರೂ ಕೇಳುತ್ತಾರೆ. ನಾನು ಅದಕ್ಕೂ ಮೊದಲು ನೋಡುವುದು ಇನ್ನೊಂದನ್ನ: ಕಂಪನಿ ಸಾಲ ಕೊಡುವ ದುಡ್ಡು ಯಾರದು, ಅದನ್ನು ಅವರು ಎಷ್ಟು ಬೇಗ ವಾಪಸ್ ಕೇಳಬಹುದು?

ಜನರಿಂದ ಠೇವಣಿ ಪಡೆದು ಮನೆ ಸಾಲ ಕೊಡುತ್ತಿದ್ದ ಕೆನಡಾದ ಹೋಮ್ ಕ್ಯಾಪಿಟಲ್ ಗ್ರೂಪ್ ಕತೆ ಓದಿದರೆ ಇದು ಅರ್ಥವಾಗುತ್ತದೆ. ಸಾಲ ಬೇಕಾದವರನ್ನು ಕರೆತರುವ ಕೆಲವು ಬ್ರೋಕರ್‌ಗಳು ತಂದ ಅರ್ಜಿಗಳಲ್ಲಿ ಆದಾಯದ ದಾಖಲೆ ಸುಳ್ಳು ಅಂತ ಗೊತ್ತಾಗಿ, ಕಂಪನಿ 45 ಬ್ರೋಕರ್‌ಗಳನ್ನು ಕೈಬಿಟ್ಟಿತು. ಅದು ಹೊರಗೆ ಬಂದಿದ್ದು 2015ರ ಜುಲೈನಲ್ಲಿ. ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ 2017ರ ಏಪ್ರಿಲ್‌ನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಒಂಟಾರಿಯೊ ಸೆಕ್ಯುರಿಟೀಸ್ ಕಮಿಷನ್ ಆರೋಪ ಹೊರಿಸಿತು. ಆಮೇಲೆ ಜನ ಠೇವಣಿ ಇಟ್ಟ ದುಡ್ಡು ತೆಗೆಯಲು ಶುರು ಮಾಡಿದರು. ಒಬ್ಬರಿಗೆ 1 ಲಕ್ಷ ಕೆನಡಾ ಡಾಲರ್‌ವರೆಗೆ ಠೇವಣಿ ವಿಮೆ ಇದ್ದರೂ ನಿಲ್ಲಲಿಲ್ಲ. ಯಾವಾಗ ಬೇಕಾದರೂ ತೆಗೆಯಬಹುದಾದ ಉಳಿತಾಯ ಖಾತೆಗಳಲ್ಲಿ ಸುಮಾರು 200 ಕೋಟಿ ಡಾಲರ್ ಇತ್ತು, ಕೆಲವೇ ವಾರಗಳಲ್ಲಿ 20 ಕೋಟಿಗೂ ಕೆಳಗೆ ಬಂತು. ಇಷ್ಟೆಲ್ಲ ಆಗುವಾಗ ಸಾಲಗಾರರು ಬಹುಪಾಲು ಕಂತು ಕಟ್ಟುತ್ತಲೇ ಇದ್ದರು!

ಕೊಟ್ಟ ಸಾಲವನ್ನು ನಾಳೆಯೇ ವಾಪಸ್ ಕೇಳೋಕಾಗಲ್ಲ ಅಲ್ವಾ. ಹಾಗಾಗಿ ಕಂಪನಿ ಒಂದು ಪಿಂಚಣಿ ನಿಧಿಯಿಂದ 200 ಕೋಟಿ ಡಾಲರ್ ತುರ್ತು ಸಾಲದ ವ್ಯವಸ್ಥೆ ಮಾಡಿಕೊಂಡಿತು. ಶುಲ್ಕ ಸೇರಿಸಿದರೆ ಮೊದಲ 100 ಕೋಟಿಗೆ ಬಿದ್ದ ಬಡ್ಡಿ ಶೇ 22.5. ತಾನು ಸಾಲಗಾರರಿಂದ ಪಡೆಯುವುದಕ್ಕಿಂತ ಎಷ್ಟೋ ಜಾಸ್ತಿ. ಏಪ್ರಿಲ್ 26ರಂದು ಈ ಸುದ್ದಿ ಬಂತು, ಒಂದೇ ದಿನದಲ್ಲಿ ಷೇರು ಸುಮಾರು ಶೇ 65 ಕುಸಿಯಿತು.

ಅದಕ್ಕೇ ಇಂಥ ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕಾಗ ನಾನು ಲಾಭದ ಪುಟಕ್ಕಿಂತ ಮುಂಚೆ ಠೇವಣಿಯ ಪಟ್ಟಿ ಹುಡುಕುತ್ತೇನೆ. ಅವಧಿ ಠೇವಣಿ ಎಷ್ಟು, ಯಾವಾಗ ಬೇಕಾದರೂ ತೆಗೆಯಬಹುದಾದ್ದು ಎಷ್ಟು, ಕೈಯಲ್ಲಿ ನಗದು ಎಷ್ಟು. ಆಮೇಲೆ ಸ್ವಂತ ಬಂಡವಾಳ. ಕೊಟ್ಟ ಸಾಲ 100 ರೂಪಾಯಿ, ಬಂಡವಾಳ 8 ರೂಪಾಯಿ ಅಂದುಕೊಳ್ಳಿ: ಬರೀ 2 ರೂಪಾಯಿ ಮುಳುಗಿದರೂ ಷೇರುದಾರರ ಬಂಡವಾಳದ ಕಾಲು ಭಾಗ ಹೋಯಿತು. ಮನೆ ಬೆಲೆಯ ಎಷ್ಟು ಪಾಲು ಸಾಲ ಕೊಟ್ಟಿದ್ದಾರೆ, ಮನೆಗಳೆಲ್ಲ ಒಂದೇ ಊರಿನ ಸುತ್ತ ಇವೆಯಾ ಅನ್ನುವುದನ್ನೂ ನೋಡಬೇಕು.

ಕೆಳಗೆ ಬಿದ್ದಾಗ ಕೊಂಡರೆ ಲಾಭ ಅಂತ ಹೇಳುವವರು ಸಿಗುತ್ತಾರೆ. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹಾಥವೇ ಕಂಪನಿ 2017ರ ಜೂನ್‌ನಲ್ಲಿ ಹೋಮ್ ಕ್ಯಾಪಿಟಲ್ ನೆರವಿಗೆ ಬಂದಿದ್ದು ನಿಜ. 2023ರಲ್ಲಿ ಇಡೀ ಕಂಪನಿ ಷೇರಿಗೆ 44 ಡಾಲರ್‌ನಂತೆ ಮಾರಾಟವಾಗಿದ್ದೂ ನಿಜ. ಆದರೆ ಬರ್ಕ್‌ಷೈರ್ ಪಡೆದಿದ್ದು 9.55 ಡಾಲರ್‌ಗೆ ಹೊಸ ಷೇರು, ಆಗ ಮಾರುಕಟ್ಟೆ ಬೆಲೆ 14 ಡಾಲರ್ ದಾಟಿತ್ತು. ಆ ವ್ಯತ್ಯಾಸವನ್ನು ತೆತ್ತವರು ಹಳೇ ಷೇರುದಾರರು. ಬರ್ಕ್‌ಷೈರ್‌ಗೆ ಸಿಕ್ಕ ರಿಯಾಯಿತಿ ನಮಗೆ ಯಾರೂ ಕೊಡುವುದಿಲ್ಲ.