ಹರಕೆ ಹೊತ್ತವಳು ಅವ್ವ, ನಡೆಯುವವಳು ನಾನು

ಎಂಟು ವರ್ಷದ ಹಿಂದೆ ನನ್ನ ಬೆರಳು ಮೊದಲ ಸಲ ಬಾತುಕೊಂಡಾಗ ಅವ್ವ ನನಗೆ ಹೇಳದೆ ಒಂದು ಹರಕೆ ಹೊತ್ತಳು. "ಮಗಳ ಕೈ ನೆಟ್ಟಗಾದ್ರ ಧಾರವಾಡದಿಂದ ನಿನ್ನ ಮಠಕ್ಕ ನಡಕೋತ ಬರ್ತಾಳ" ಅಂತ ಹುಬ್ಬಳ್ಳಿಯ ಸಿದ್ಧಾರೂಢ ಅಜ್ಜನ ಮುಂದೆ ಕೈಮುಗಿದು ಬಂದಿದ್ದಳು. ನಡೆಯುವವಳನ್ನು ಒಂದು ಮಾತು ಕೇಳಬೇಡವಾ? ಕೈ ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಕತ್ತರಿ ಹಿಡಿಯುವಷ್ಟಾಯಿತು. ಅಷ್ಟಕ್ಕೇ ಅವ್ವ ಹರಕೆ ನೆನಪಿಸಲು ಶುರು ಮಾಡಿದಳು.

ನಾನು ಮಾಳಮಡ್ಡಿಯಲ್ಲಿ ಕುಪ್ಪಸ ಹೊಲಿಯುತ್ತೇನೆ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ನಮ್ಮ ಕೀಲುಗಳ ಮೇಲೆ ಬೀಳುವ ಕಾಯಿಲೆ. ಮೊದಲು ತೋರಿಸಿದ ಡಾಕ್ಟರು ವಾಯು ಎಂದು ನೋವಿನ ಗುಳಿಗೆ ಕೊಟ್ಟರು. ಅದರಲ್ಲೇ ಒಂದು ವರ್ಷ ಹೋಯಿತು. ಈಗಲೂ ಬೆಳಿಗ್ಗೆ ಒಂದು ತಾಸು ಬೆರಳು ಮಡಚಲು ಬರುವುದಿಲ್ಲ. ಹುಕ್ಕು, ಕಾಜದ ಕೆಲಸ ಪಕ್ಕದ ಮನೆ ಹುಡುಗಿಗೆ ಬಿಟ್ಟಿದ್ದೇನೆ. ಪಾದದ ಸಣ್ಣ ಕೀಲುಗಳು ಬಾತರೆ ಚಪ್ಪಲಿಯೊಳಗೆ ಹುಣಸೆಬೀಜ ಹಾಕಿಕೊಂಡು ನಡೆದ ಹಾಗೆ.

ಇಂಥ ಕಾಲಿಗೆ 22 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಹುಬ್ಬಳ್ಳಿಯಲ್ಲಿ ಅಜ್ಜನ ಹೆಸರಿನ ರೈಲ್ವೆ ಸ್ಟೇಷನ್ ಇದೆಯಲ್ಲ, ಅದರ ಪ್ಲಾಟ್‌ಫಾರ್ಮೇ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಮೊದಲ ತಿಂಗಳು ನಾನು ಅಷ್ಟೂ ನಡೆಯಲಿಲ್ಲ!

ದಾರಿ ತೋರಿಸಿದ್ದು ಧಾರವಾಡ-ಹುಬ್ಬಳ್ಳಿ ನಡುವೆ ಓಡಾಡುವ ಚಿಗರಿ ಬಸ್ಸು. ರಸ್ತೆಯ ನಡುವೆ ಸ್ವಲ್ಪ ಸ್ವಲ್ಪ ದೂರಕ್ಕೆ ಅದರ ನಿಲ್ದಾಣಗಳಿವೆ. ಜ್ಯುಬಿಲಿ ಸರ್ಕಲ್‌ನಿಂದ ಹೊರಡುವುದು, ಕಾಲು ಸಾಕು ಅಂದರೆ ಮುಂದಿನ ನಿಲ್ದಾಣದಲ್ಲಿ ಬಸ್ಸು ಹತ್ತಿ ಮನೆಗೆ ಬರುವುದು. ಎಲ್ಲಿ ಹತ್ತಿದೆ ಅಂತ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತೇನೆ. ಮುಂದೆ ಗಿರಾಕಿಗಳ ಎದೆ 36, ತೋಳು 10. ಹಿಂದೆ ಟೋಲ್ ನಾಕಾ, ಟೋಲ್ ನಾಕಾ, ವಿದ್ಯಾಗಿರಿ, ಮತ್ತೆ ಟೋಲ್ ನಾಕಾ. ಜುಲೈ, ಆಗಸ್ಟ್ ಪೂರ್ತಿ ಖಾಲಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನನ್ನ ಕೀಲು ನನ್ನ ಮಾತು ಕೇಳುವುದಿಲ್ಲ.

ನಡೆಯುವುದು ಗುರುವಾರ ಮಾತ್ರ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ನನ್ನದು ರವಿವಾರ ರಾತ್ರಿ. ಸೋಮವಾರ ಹೊಟ್ಟೆ ತೊಳಸುತ್ತದೆ, ಮಂಗಳವಾರ ಸುಮ್ನೆ ಮಲಗಿರೋಣ ಅನ್ನಿಸುತ್ತದೆ. ಗುರುವಾರದ ಹೊತ್ತಿಗೆ ನಾನು ಮನುಷ್ಯಳಾಗಿರುತ್ತೇನೆ. ಫಿಸಿಯೋಥೆರಪಿಯವರು ಒಂದು ಲೆಕ್ಕ ಹೇಳಿಕೊಟ್ಟಿದ್ದಾರೆ. ನಡೆದು ಎರಡು ತಾಸಾದ ಮೇಲೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಅವತ್ತು ಅತಿಯಾಯಿತು ಅಂತ ಅರ್ಥ. ಮುಂದಿನ ವಾರ ಒಂದು ನಿಲ್ದಾಣ ಕಡಿಮೆ.

ಈ ಲೆಕ್ಕ ಮರೆತದ್ದು ನವಲೂರಿನಲ್ಲಿ. ಅಲ್ಲಿನ ಪೇರಲ ಹಣ್ಣಿನ ರುಚಿ ಗೊತ್ತಲ್ಲ. ಅರ್ಧ ಕಿಲೋ ತೆಗೆದುಕೊಂಡು, ಉಪ್ಪು ಖಾರ ಹಚ್ಚಿಸಿಕೊಂಡು, ಮಾರುವ ಅಜ್ಜಿಯ ಪಕ್ಕದಲ್ಲೇ ಕೂತೆ. ಅವಳ ಸೊಸೆಯ ಕತೆ ಮುಗಿಯುವಷ್ಟರಲ್ಲಿ ಮುಕ್ಕಾಲು ತಾಸಾಗಿತ್ತು. ಏಳಲು ಹೋದರೆ ಮೊಣಕಾಲು ಒಪ್ಪಲಿಲ್ಲ. ಈ ಕಾಯಿಲೆಯಲ್ಲಿ ನಡೆದರೆ ಒಂದು ನೋವು, ಕೂತರೆ ಕೀಲು ಹಿಡಿದುಕೊಳ್ಳುವ ಇನ್ನೊಂದು ನೋವು. ಅಜ್ಜಿಯೇ ರಟ್ಟೆ ಹಿಡಿದು ಎಬ್ಬಿಸಿದಳು. "ನನಗ ಎಪ್ಪತ್ತಾತು, ನಿನಗೇನಾತ ಬೇ?" ಅಂದಳು. ನಗುವೂ ಬಂತು, ಸಿಟ್ಟೂ ಬಂತು. ಇನ್ನೂ ನಡೆಯಬಲ್ಲೆ ಅಂತ ತೋರಿಸಲು ರಾಯಾಪುರದ ತನಕ ಹೋದೆ. ಆಮೇಲೆ ಎರಡು ವಾರ ಮಷಿನ್ ಮುಟ್ಟಲಿಲ್ಲ. ಲಗ್ನದ ಆರು ಖಣದ ಕುಪ್ಪಸ ವಾಪಸ್ ಕೊಟ್ಟೆ.

ಅವತ್ತಿನಿಂದ ಅವ್ವನ ಜೊತೆ ವಾದ ನಡೆದೇ ಇದೆ. ಒಂದು ಗುರುವಾರ ನಿಲ್ಲಿಸಿದಲ್ಲಿಂದಲೇ ಮುಂದಿನ ಗುರುವಾರ ಶುರು ಮಾಡುತ್ತೇನೆ, ಸಾಲದ ಹಾಗೆ ಹರಕೆಯನ್ನೂ ಕಂತಿನಲ್ಲಿ ತೀರಿಸಬಹುದಲ್ವಾ ಅನ್ನುವುದು ನನ್ನ ಮಾತು. "ಅಜ್ಜನ ಹಂತ್ಯಾಕ ಕಂತು ನಡಿಯಂಗಿಲ್ಲ, ಒಂದ ದಮ್ಮಿಗೆ ಹೋಗಬೇಕು" ಅನ್ನುವುದು ಅವಳದು. ಹಾಗಾಗಿ ಪ್ರತಿ ಸಲ ಮತ್ತೆ ಜ್ಯುಬಿಲಿ ಸರ್ಕಲ್‌ನಿಂದಲೇ.

ಕಳೆದ ಗುರುವಾರ ನಸುಕಿನಲ್ಲೇ ಹೊರಟೆ. ಬೆರಳಿನ್ನೂ ಸಡಿಲಾಗಿರಲಿಲ್ಲ, ಬೂಟಿನ ಲೇಸು ಕಟ್ಟಿದ್ದು ಅವ್ವನೇ. ನವಲೂರಿನಲ್ಲಿ ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. ನವನಗರ ದಾಟಿತು, ಭೈರಿದೇವರಕೊಪ್ಪ ದಾಟಿತು. ಉಣಕಲ್ ಕೆರೆಯ ಹತ್ತಿರ ಹುಣಸೆಬೀಜ ಶುರುವಾಯಿತು. ಮನೆಗೆ ಫೋನ್ ಮಾಡಿದೆ.

"ಅವ್ವಾ, ಉಣಕಲ್ ಮುಟ್ಟೇನಿ. ಇನ್ನ ಆಗಂಗಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ.

"ಕೆರಿ ತುಂಬೇತೇನು?"

"ತುಂಬೇತಿ. ನೀರಿಗಿಂತ ಅಂತರಗಂಗಿನ ಜಾಸ್ತಿ ಐತಿ."

"ಹಂಗಾರ ಬಸ್ ಹತ್ತು. ರೊಟ್ಟಿ ಆರ್ತಾವು."