ಜೋಗಕ್ಕೆ ಹೊರಡುವ ಮುನ್ನ: ನೀರಿನ ಲೆಕ್ಕ, ರೈಲಿನ ಲೆಕ್ಕ

ಜುಲೈ, ಎರಡನೆಯ ವಾರ

ಈ ವರ್ಷ ಜೋಗಕ್ಕೆ ಹೋಗುವುದು ಖಚಿತವಾಗಿದೆ. ಅಮ್ಮ, ಅಕ್ಕ, ಭಾವ, ಅಕ್ಕನ ಇಬ್ಬರು ಮಕ್ಕಳು ಮತ್ತು ನಾನು. ಯಾವಾಗ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ, ತಲೆ ಕೆಡಿಸಿಕೊಳ್ಳಬೇಕಾದದ್ದೂ ಅದಕ್ಕೇ. ಮಳೆಗಾಲದಲ್ಲಿ ಹೋದರಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಜೋಗದ ನೀರು ಮಳೆಯೊಂದರ ಮಾತು ಕೇಳುವುದಿಲ್ಲ. ಜಲಪಾತದಿಂದ ಕೆಲವೇ ಕಿಲೋಮೀಟರ್ ಮೇಲೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ಹಿಡಿದು ನಿಲ್ಲಿಸಿದೆ. ಅಲ್ಲಿ ಸಂಗ್ರಹವಾದ ನೀರು ತಳಕಳಲೆ ಜಲಾಶಯದ ಮೂಲಕ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಜೋಗದ ಬಂಡೆಯನ್ನು ಅದು ಮುಟ್ಟುವುದೇ ಇಲ್ಲ. ಅಣೆಕಟ್ಟಿನ ಗೇಟು ತೆರೆದಾಗ, ಇಲ್ಲವೇ ಅದರ ಕೆಳಗಿನ ಗುಡ್ಡಗಳ ಮೇಲೆ ಬಿದ್ದ ಮಳೆ ಹಳ್ಳಗಳಾಗಿ ಹರಿದು ಬಂದಾಗ ಮಾತ್ರ ಜಲಪಾತ ಮೈದುಂಬುತ್ತದೆ.

ಆದ್ದರಿಂದ ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟದ ಪುಟ್ಟ ಚೌಕವನ್ನು ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸತೊಡಗಿದ್ದೇನೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಹೊರಹರಿವು ಏರಿತೆಂದು ಹಿಗ್ಗುವಂತಿಲ್ಲ, ಅದರಲ್ಲಿ ವಿದ್ಯುತ್ತಿಗೆ ಬಿಟ್ಟ ನೀರೂ ಸೇರಿರುತ್ತದೆ. ಗೇಟಿನಿಂದ ನದಿಗೆ ಬಿಟ್ಟದ್ದೆಷ್ಟು ಎಂಬುದನ್ನು ಬೇರೆಯಾಗಿ ನೋಡಬೇಕು.

ಜುಲೈ, ಕೊನೆಯ ವಾರ

ಭಾವನಿಗೆ ಗೇಟು ತೆರೆದ ದಿನವೇ ಹೋಗಬೇಕೆಂಬ ಆಸೆ. ಆ ದಿನಗಳ ಅಬ್ಬರ ಬೇರೆಯದೇ, ಒಪ್ಪುತ್ತೇನೆ. ಆದರೆ ಪ್ರವಾಹ ಬಂದಾಗ ಕವಲುಗಳೆಲ್ಲ ಒಂದಾಗಿ, ಎದ್ದ ತುಂತುರು ಕಣಿವೆಯನ್ನೇ ಮುಚ್ಚಿಬಿಡುತ್ತದೆ. ಗಂಟೆಗಟ್ಟಲೆ ನಿಂತರೂ ಬಿಳಿ ಮಂಜು ಮತ್ತು ಸದ್ದು, ಅಷ್ಟೇ ಸಿಗುವುದೂ ಉಂಟು.

ನನಗೆ ನಾಲ್ಕು ಕವಲುಗಳನ್ನೂ ಬಿಡಿಬಿಡಿಯಾಗಿ ನೋಡಬೇಕು. ನಾವು ನಿಲ್ಲುವ ಕಡೆಯಿಂದ ಎಡಕ್ಕೆ ರಾಜ: 253 ಮೀಟರ್ ಆಳಕ್ಕೆ ಎಲ್ಲಿಯೂ ಬಂಡೆಗೆ ತಾಗದೆ ನೆಟ್ಟಗೆ ಇಳಿಯುವ ಧಾರೆ. ಪಕ್ಕದ ರೋರರ್ ಬಂಡೆಯ ಸಂದಿಯಲ್ಲಿ ಅಪ್ಪಳಿಸಿ, ಮೊರೆಯುತ್ತ ರಾಜನ ಕಡೆಗೇ ಹೊರಳುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ಅದರ ನೀರಿನ ಒಂದೊಂದು ಮುದ್ದೆಯೂ ಬಾಲ ಬಿಟ್ಟುಕೊಂಡು ಕೆಳಗಿಳಿಯುವುದನ್ನು ಕಣ್ಣಿನಿಂದ ಹಿಂಬಾಲಿಸಬಹುದು. ಬಲತುದಿಯ ರಾಣಿಗೆ ಯಾವ ಅವಸರವೂ ಇಲ್ಲ, ಬಂಡೆಯ ಮೇಲೆ ನೊರೆಯಾಗಿ ಹರಡಿ ಜಾರುತ್ತದೆ. ಈ ವ್ಯತ್ಯಾಸ ಕಾಣಬೇಕಾದರೆ ನೀರು ತೀರ ಹೆಚ್ಚಿರಬಾರದು, ತೀರ ಸೊರಗಿಯೂ ಇರಬಾರದು. ಸೆಪ್ಟೆಂಬರ್ ಉತ್ತರಾರ್ಧ ಎಂದು ನಾನು ಹಟ ಹಿಡಿದೆ. ಅಕ್ಕ ನನ್ನ ಪರ ನಿಂತಳು, ಭಾವ ಒಪ್ಪಿದ.

ಬೇಗ ತೀರ್ಮಾನಿಸಲೇಬೇಕಿತ್ತು. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಅಣೆಕಟ್ಟು ಎಷ್ಟು ತುಂಬೀತು ಎಂಬುದು ಅಷ್ಟು ಮೊದಲೇ ಯಾರಿಗೂ ತಿಳಿಯದು. ನೀರನ್ನು ನಂಬಿ ಟಿಕೆಟ್ ಬಿಡುವುದೋ, ಟಿಕೆಟ್ ನಂಬಿ ನೀರಿನ ಆಸೆ ಬಿಡುವುದೋ ಎಂಬ ಈ ಇಕ್ಕಟ್ಟು ಜೋಗಕ್ಕೆ ಹೋಗುವ ಎಲ್ಲರಿಗೂ ಇದ್ದದ್ದೇ. ವಾರದ ನಡುವಿನ ದಿನ ನೋಡಿ ಬೆಂಗಳೂರಿನಿಂದ ರಾತ್ರಿಯ ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದೆ. ಕೆಳಗಿನ ಬರ್ತ್ ಅಮ್ಮನಿಗೆ ಸಿಕ್ಕಿದೆ.

ಆಗಸ್ಟ್, ಮೂರನೆಯ ವಾರ

ಜೋಗಕ್ಕೆ ಹತ್ತಿರದ ನಿಲ್ದಾಣ ತಾಳಗುಪ್ಪವೇ. ಆದರೂ ಸಾಗರ ಜಂಬಗಾರಿನಲ್ಲಿ ಇಳಿಯುವುದೆಂದು ಬದಲಾಯಿಸಿದ್ದೇವೆ. ಸಾಗರದಲ್ಲಿ ಉಳಿದುಕೊಳ್ಳಲು, ವಾಹನಕ್ಕೆ ಅನುಕೂಲ ಹೆಚ್ಚು. ಇಕ್ಕೇರಿಯ ಅಘೋರೇಶ್ವರ ದೇವಾಲಯ ಮತ್ತು ಕೆಳದಿ ಎರಡೂ ಪಕ್ಕದಲ್ಲೇ ಇವೆ. ಅಮ್ಮನಿಗೆ ಸಿಗಂದೂರು ಚೌಡೇಶ್ವರಿಯ ದರ್ಶನವೂ ಆಗಬೇಕು. ಮೊದಲಾಗಿದ್ದರೆ ಲಿಂಗನಮಕ್ಕಿಯ ಹಿನ್ನೀರು ದಾಟಲು ಲಾಂಚ್‌ಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಚಿಂತೆ ಇಲ್ಲ. ಆ ಹಿನ್ನೀರಿನಡಿ ಊರುಗಳಿದ್ದವು, ಮುಳುಗಡೆಯಾಗಿ ಎದ್ದು ಹೋದ ಕುಟುಂಬಗಳಿದ್ದವು. ಸೇತುವೆ ದಾಟುವಾಗ ಮಕ್ಕಳಿಗೆ ಇದನ್ನು ಹೇಳಲೇಬೇಕು. ನಮ್ಮ ಮನೆಗಳ ದೀಪಕ್ಕಾಗಿ ಅವರು ನೆಲ ಬಿಟ್ಟುಕೊಟ್ಟದ್ದು.

ಕಣಿವೆಯ ತಳಕ್ಕಿಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಯೋಜನೆಯಿಂದ ತೆಗೆದಿದ್ದೇವೆ. ಅಮ್ಮನ ಮೊಣಕಾಲಿಗೆ ಅದು ಆಗದ ಮಾತು. ಮಳೆ ಜೋರಾದರೆ ಆ ದಾರಿಯನ್ನು ಮುಚ್ಚುತ್ತಾರೆ ಕೂಡ. ಬದಲಿಗೆ ನದಿ ದಾಟಿ ಉತ್ತರ ಕನ್ನಡದ ಬದಿಯ ಹಳೆಯ ಬಂಗಲೆಯತ್ತ ಹೋಗುತ್ತೇವೆ. ಎದುರಿನಿಂದ ಕಂಡದ್ದನ್ನು ಅಲ್ಲಿ ಮೇಲಿನಿಂದ ನೋಡಬಹುದು.

ಸೆಪ್ಟೆಂಬರ್, ಮೊದಲ ವಾರ

ಮಟ್ಟ ಏರುತ್ತಲೇ ಇದೆ, ನೋಟ್‌ಬುಕ್ಕಿನ ಪುಟಗಳು ದಪ್ಪವಾಗಿವೆ. ಕೊಡೆಗಿಂತ ರೇನ್‌ಕೋಟ್ ಮೇಲು, ಗಾಳಿಗೆ ಕೊಡೆ ನಿಲ್ಲದು. ಉಂಬಳಕ್ಕೆ (ಜಿಗಣೆಗೆ) ಉಪ್ಪು, ಉದ್ದ ಕಾಲುಚೀಲ, ಮೊಬೈಲಿಗೆ ನೀರು ಹೋಗದ ಚೀಲ ತೆಗೆದಿಟ್ಟಿದ್ದೇನೆ.

ಇಡೀ ಒಂದು ಹಗಲನ್ನು ಜಲಪಾತದ ಮುಂದೆಯೇ ಕಳೆಯಲು ಬಿಟ್ಟಿದ್ದೇನೆ; ಮಂಜು ಕವಿದರೆ ಸರಿಯುವವರೆಗೂ ಕಾಯಬಹುದು. ಆ ಹಗಲಿಗಾಗಿ ಕೆಳದಿಯನ್ನು ಕೈಬಿಡಬೇಕಾದರೂ ಸರಿ ಎಂದು ಎಲ್ಲರಿಗೂ ತಿಳಿಸಿಯಾಗಿದೆ. ಸಾಗರದಿಂದ ವಾಹನ ಗೊತ್ತುಮಾಡುವುದು ಮತ್ತು ಹಿಂದಿರುಗುವ ರೈಲಿನಲ್ಲಿ ಭಾವನ ವೇಯ್ಟಿಂಗ್ ಲಿಸ್ಟ್ ಟಿಕೆಟ್, ಇವೆರಡು ಬಾಕಿ ಇವೆ.