ಇಫ್ ಹಾಕಿದ್ದಾಯ್ತು, ಯಾವಾಗಿನ ಮಾತು?

ಕಾರವಾರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವುದು ನನ್ನ ಕೆಲಸ. ಕಾಲೇಜಿಗೆ ಹೋಗುವವರೂ ಬರುತ್ತಾರೆ, ಗೋವಾದ ಹೋಟೆಲುಗಳಲ್ಲಿ ಕೆಲಸ ಹುಡುಕುವವರೂ ಬರುತ್ತಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಈಗ ಇಂಗ್ಲಿಷ್. ಇವರಿಗೆ ಕಂಡೀಷನಲ್ ವಾಕ್ಯ, ಅಂದರೆ 'ಹೀಗಾದರೆ ಹಾಗೆ' ಅನ್ನುವ 'ಇಫ್' ವಾಕ್ಯ ಕಲಿಸುವಾಗ ವ್ಯಾಕರಣ ಪುಸ್ತಕದ ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಅನ್ನುವ ನಂಬರುಗಳನ್ನು ನಾನು ಮೊದಲು ಹೇಳುವುದೇ ಇಲ್ಲ. ಹೇಳಿದರೆ ನಂಬರು ಬಾಯಿಪಾಠ ಆಗುತ್ತದೆ, ವಾಕ್ಯ ಬರುವುದಿಲ್ಲ.

ಮಳೆಗಾಲದಲ್ಲಿ ಉದಾಹರಣೆಗೆ ಬರವಿಲ್ಲ. ಕ್ಲಾಸ್ ನಡೆಯುತ್ತಿದ್ದರೂ ಅರ್ಧ ಜನರ ಕಣ್ಣು ಮೊಬೈಲಿನ ಮೇಲೆ. ನಾಳೆ ಡಿಸಿ ರಜೆ ಕೊಡ್ತಾರಾ ಅನ್ನುವುದೊಂದೇ ಚಿಂತೆ. ಸರಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಅನ್ನುತ್ತೇನೆ. ಮೊದಲು ಬರುವುದು 'ಇಫ್ ದ ಡಿಸಿ ವಿಲ್ ಡಿಕ್ಲೇರ್ ಎ ಹಾಲಿಡೇ'. ನಾಳೆಯ ಮಾತು ಅಲ್ವಾ, ಅದಕ್ಕೇ 'ವಿಲ್'. ಇದನ್ನು ತಿದ್ದುವುದು ಸುಲಭ. 'ಇಫ್ ದ ಡಿಸಿ ಡಿಕ್ಲೇರ್ಸ್ ಎ ಹಾಲಿಡೇ, ಐ ವಿಲ್ ಸ್ಲೀಪ್ ಟಿಲ್ ನೈನ್.' ನಾಳೆಯ ಭಾರವನ್ನೆಲ್ಲ ಎರಡನೇ ಭಾಗದ 'ವಿಲ್' ಹೊರುತ್ತದೆ. ನಾಲ್ಕು ಸಲ ಬಾಯಲ್ಲಿ ಆಡಿಸಿದರೆ ಸಾಕು.

ನಿಜವಾದ ತೊಡಕು ಮುಂದಿದೆ. ಆಗಬಹುದಾದದ್ದು, ಬರೀ ಕಲ್ಪನೆಯದ್ದು ಇವೆರಡರ ವ್ಯತ್ಯಾಸ ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. 'ರಜೆ ಕೊಟ್ಟರೆ ಮಲಗ್ತೀನಿ', 'ನಾನು ಡಿಸಿ ಆಗಿದ್ದರೆ ರಜೆ ಕೊಡ್ತಿದ್ದೆ' ಅಂತ ತಪ್ಪಿಲ್ಲದೆ ಹೇಳುತ್ತಾರೆ. ಆದರೆ ಆ ಎರಡನೇ ವಾಕ್ಯ ಯಾವಾಗಿನದು? ಇವತ್ತಿನದಾ, ಹೋದ ವಾರದ್ದಾ? ಕನ್ನಡದಲ್ಲಿ ಎರಡಕ್ಕೂ ಅದೇ ವಾಕ್ಯ ನಡೆಯುತ್ತದೆ, ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಇಲ್ಲಿ ಹಠ ಮಾಡುತ್ತದೆ. ಇವತ್ತಿನದಾದರೆ 'ಇಫ್ ಐ ವರ್ ದ ಡಿಸಿ, ಐ ವುಡ್ ಡಿಕ್ಲೇರ್ ಎ ಹಾಲಿಡೇ', ಪುಸ್ತಕದ ಲೆಕ್ಕದಲ್ಲಿ ಸೆಕೆಂಡ್. ಹೋದ ವಾರದ್ದಾದರೆ 'ಇಫ್ ಐ ಹ್ಯಾಡ್ ಬೀನ್ ದ ಡಿಸಿ, ಐ ವುಡ್ ಹ್ಯಾವ್ ಡಿಕ್ಲೇರ್ಡ್ ಎ ಹಾಲಿಡೇ', ಅದು ಥರ್ಡ್. ಹುಡುಗರು ಎಡವುವುದು ಈ ಜಾಗದಲ್ಲಿ. ಅಭ್ಯಾಸ ಜಾಸ್ತಿ ಬೇಕಾದದ್ದೂ ಇಲ್ಲೇ.

ಅದಕ್ಕೆ ಬೋರ್ಡಿನ ಮೇಲೆ ವಾಕ್ಯದ ಎರಡು ಭಾಗಕ್ಕೂ ಬೇರೆ ಬೇರೆ ಒಂದೇ ಪ್ರಶ್ನೆ ಕೇಳಿಸುತ್ತೇನೆ: ಇದು ಯಾವಾಗಿನ ಮಾತು? ಉತ್ತರ ಬಂದ ಮೇಲೇ ಕ್ರಿಯಾಪದ ಬರೆಯಬೇಕು.

ಇದಕ್ಕೆ ನಮ್ಮೂರಲ್ಲಿ ಸಿಕ್ಕಿದ ಅತಿ ಒಳ್ಳೆಯ ಉದಾಹರಣೆ, ಸಂತೋಷದ್ದೇನಲ್ಲ, ಕಾಳಿ ನದಿಯ ಹಳೇ ಸೇತುವೆ. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ ಅದು ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಕಾಪಾಡಿದರು. ಈ ವಿಷಯ ಎತ್ತಿದರೆ ಮಾತಾಡದವರೂ ಮಾತಾಡುತ್ತಾರೆ. 'ಇಫ್ ಇಟ್ ಹ್ಯಾಡ್ ಫಾಲನ್ ಇನ್ ದ ಡೇಟೈಮ್, ಮೆನಿ ಪೀಪಲ್ ವುಡ್ ಹ್ಯಾವ್ ಡೈಡ್.' ಎರಡೂ ಭಾಗ ಆವತ್ತಿನದು. ಪುಸ್ತಕದ ಥರ್ಡ್ ಸರಿಯಾಗಿ ಕೂತಿತು. ನದಿಯಾಚೆಯ ಸದಾಶಿವಗಡದ ಕಡೆಯಿಂದ ಬರುವ ಹುಡುಗಿ ಇನ್ನೊಂದು ಹೇಳಿದಳು. 'ಇಫ್ ದ ಓಲ್ಡ್ ಬ್ರಿಜ್ ಹ್ಯಾಡ್ ನಾಟ್ ಫಾಲನ್, ವಿ ವುಡ್ ಹ್ಯಾವ್ ಟೂ ಬ್ರಿಜಸ್ ನೌ.' ಮೊದಲ ಭಾಗ ಆವತ್ತಿನದು, ಎರಡನೆಯದು ಇವತ್ತಿನದು. ಸೆಕೆಂಡೂ ಅಲ್ಲ, ಥರ್ಡೂ ಅಲ್ಲ. ವ್ಯಾಕರಣ ಪುಸ್ತಕಗಳು ಇದನ್ನು ಮಿಕ್ಸ್ಡ್ ಕಂಡೀಷನಲ್ ಅಂತ ಕೊನೆಯ ಪುಟಗಳಿಗೆ ತಳ್ಳುತ್ತವೆ. ನಂಬರು ಕಲಿತವರಿಗೆ ಇದು ಕಷ್ಟ. ಯಾವಾಗಿನ ಮಾತು ಅಂತ ಕೇಳಿಕೊಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಮೀನುಗಾರರ ಮನೆಯ ಹುಡುಗರಿಗೆ ಇನ್ನೊಂದು ಎಚ್ಚರಿಕೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದು ಬಂದೇ ಬರುತ್ತದೆ. ಹಾಗಾಗಿ 'ವೆನ್ ದ ಬ್ಯಾನ್ ಸ್ಟಾರ್ಟ್ಸ್' ಅನ್ನಬೇಕು, 'ಇಫ್' ಹಾಕಿದರೆ ಕೇಳಿದವರಿಗೆ ಅನುಮಾನ ಬರುತ್ತದೆ. 'ಅನ್‌ಲೆಸ್' ಅಂದರೇ 'ಇಫ್ ನಾಟ್', ಅದರ ಜೊತೆ ಮತ್ತೊಂದು 'ನಾಟ್' ಸೇರಿಸಬೇಡಿ ಅಂತಲೂ ಹೇಳುತ್ತಿರುತ್ತೇನೆ. ಅದು ಅಭ್ಯಾಸಬಲ, ನಿಧಾನಕ್ಕೆ ಹೋಗುತ್ತದೆ.

ಹೋಟೆಲ್ ಕೆಲಸಕ್ಕೆ ಹೋಗುವವರಿಗೆ ನಾನು ನಿಯಮವನ್ನು ಸ್ವಲ್ಪ ಸಡಿಲ ಮಾಡಲೇಬೇಕು. 'ಇಫ್' ಆದ ಮೇಲೆ 'ವಿಲ್', 'ವುಡ್' ಬರಲೇ ಬಾರದು ಅಂತ ಗಟ್ಟಿ ಮಾಡಿಸಿಬಿಟ್ಟರೆ, ರಿಸೆಪ್ಷನ್ನಿನಲ್ಲಿ ನಿಂತಾಗ ಅವರಿಗೇ ತೊಂದರೆ. 'ಇಫ್ ಯು ವುಡ್ ವೇಟ್ ಎ ಮಿನಿಟ್, ಐ ವಿಲ್ ಕಾಲ್ ದ ಮ್ಯಾನೇಜರ್.' ಇದು ಸರಿಯಾದ ಇಂಗ್ಲಿಷ್, ಮರ್ಯಾದೆಯ ಇಂಗ್ಲಿಷ್. ಇಲ್ಲಿನ 'ವುಡ್' ಕಲ್ಪನೆಯದ್ದಲ್ಲ, ವಿನಂತಿಯದು.

ಇಂಟರ್‌ವ್ಯೂನಲ್ಲಿ ಮಾತ್ರ ಎಚ್ಚರ ಬೇಕು. 'ವಾಟ್ ವುಡ್ ಯು ಡೂ ಇಫ್ ಎ ಗೆಸ್ಟ್ ಶೌಟೆಡ್ ಅಟ್ ಯು?' ಅಂತ ಕೇಳುತ್ತಾರೆ. ಕನ್ನಡದಲ್ಲಾದರೆ 'ಕೂಗಾಡಿದರೆ ಏನು ಮಾಡ್ತೀರಿ' ಅನ್ನುತ್ತೇವೆ. ನಮಗೆ ಅದು ನಾಳೆಯೇ ಆಗಬಹುದಾದ ವಿಷಯ. ಅದಕ್ಕೇ ಉತ್ತರ 'ಐ ವಿಲ್' ಅಂತ ಶುರುವಾಗುತ್ತದೆ. ಪ್ರಶ್ನೆಯಲ್ಲಿ 'ವುಡ್' ಕೇಳಿಸಿದರೆ ಉತ್ತರದಲ್ಲೂ 'ವುಡ್' ಇಡಿ ಅಂತ ಹೇಳಿಕೊಟ್ಟು, ಜೋಡಿ ಜೋಡಿಯಾಗಿ ಕೂರಿಸಿ ಕೇಳಿಸುತ್ತೇನೆ. ಒಬ್ಬ ಹುಡುಗ ಹೇಳಿದ: 'ಐ ವುಡ್ ಸೇ ಸಾರಿ, ದೆನ್ ಐ ವುಡ್ ಫೈಂಡ್ ಔಟ್ ವೈ.' ಅವನ ಜೋಡಿಗೆ ಅದು ಸಾಲಲಿಲ್ಲ. ಗೆಸ್ಟ್ ಇನ್ನೂ ಕೂಗಾಡ್ತಿದ್ದಾನೆ, ಮುಂದೆ ಹೇಳು ಅಂದ.